ಹಮ್ಮುರಾಬಿ ಯಾರು ಅಂತ ಗೊತ್ತಾದರೆ ಸಾಕಾ?

ಆರನೇ ತರಗತಿಯ ಆಸುಪಾಸಿನಲ್ಲಿ ಜಗತ್ತಿನ ಎಷ್ಟೋ ದೇಶಗಳ ಮಕ್ಕಳಿಗೆ ಒಂದು ಹೆಸರು ಎದುರಾಗುತ್ತದೆ. ಹಮ್ಮುರಾಬಿ. ಬ್ಯಾಬಿಲೋನಿನ ರಾಜ, ಕ್ರಿಸ್ತಪೂರ್ವ 18ನೇ ಶತಮಾನದವನು, ಕಾನೂನುಗಳನ್ನು ಕಲ್ಲಿನಲ್ಲಿ ಕೆತ್ತಿಸಿದವನು. "ಕಣ್ಣಿಗೆ ಕಣ್ಣು" ಅವನ ನ್ಯಾಯ. ಪುಸ್ತಕದಲ್ಲಿ ಒಂದು ಪ್ಯಾರಾ, ಪರೀಕ್ಷೆಯಲ್ಲಿ ಒಂದು ಅಂಕ. ಮಕ್ಕಳು ಬರೆಯುತ್ತಾರೆ, ಮರೆಯುತ್ತಾರೆ.

ಅದೇ ಕಲ್ಲಿನ ಬರಹವನ್ನು ಇನ್ನೊಂದು ಹತ್ತು ನಿಮಿಷ ಓದಿಸಿ ನೋಡಿ. 1901-02ರಲ್ಲಿ ಇರಾನಿನ ಸೂಸಾದಲ್ಲಿ ಸಿಕ್ಕ ಆ ಕಲ್ಲುಕಂಬ ಈಗ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿನಲ್ಲಿದೆ. ಅದರ ಕಾನೂನುಗಳ ಅನುವಾದ ಯಾರಿಗೆ ಬೇಕಾದರೂ ಸಿಗುತ್ತದೆ. ಒಬ್ಬ ಮೇಲ್ವರ್ಗದವನು ಇನ್ನೊಬ್ಬ ಮೇಲ್ವರ್ಗದವನ ಕಣ್ಣು ತೆಗೆದರೆ ಅವನ ಕಣ್ಣನ್ನೂ ತೆಗೆಯಬೇಕು. ಸಾಮಾನ್ಯನ ಕಣ್ಣು ತೆಗೆದರೆ? ಒಂದಿಷ್ಟು ಬೆಳ್ಳಿ ಕೊಟ್ಟರೆ ಸಾಕು. ಗುಲಾಮನ ಕಣ್ಣಾದರೆ ಅವನ ಬೆಲೆಯ ಅರ್ಧ. ಅಂದರೆ "ಕಣ್ಣಿಗೆ ಕಣ್ಣು" ಎಲ್ಲರಿಗೂ ಇರಲಿಲ್ಲ. ಮುಂದೆ ಓದಿ. ಕಟ್ಟಿದ ಮನೆ ಕುಸಿದು ಮನೆಯ ಯಜಮಾನ ಸತ್ತರೆ ಕಟ್ಟಿದವನಿಗೆ ಮರಣದಂಡನೆ. ಯಜಮಾನನ ಮಗ ಸತ್ತರೆ ಕಟ್ಟಿದವನ ಮಗನನ್ನು ಕೊಲ್ಲಬೇಕು.

ಹನ್ನೊಂದು, ಹನ್ನೆರಡು ವಯಸ್ಸಿನ ಮಕ್ಕಳು ಇಲ್ಲಿಗೆ ಬಂದ ಮೇಲೆ ಸುಮ್ನೆ ಕೂರುವುದಿಲ್ಲ. "ಆ ಹುಡುಗ ಏನು ತಪ್ಪು ಮಾಡಿದ?" ಅಂತ ಒಬ್ಬರಾದರೂ ಕೇಳುತ್ತಾರೆ. ಆಗ ಮೇಷ್ಟ್ರು ಕಲ್ಲಿನ ಮುನ್ನುಡಿಯನ್ನು ತೋರಿಸಬಹುದು. ಬಲಶಾಲಿಗಳು ದುರ್ಬಲರನ್ನು ಹಿಂಸಿಸಬಾರದು, ಅದಕ್ಕೇ ದೇವರು ನನ್ನನ್ನು ಆರಿಸಿದ ಅಂತ ರಾಜ ಅಲ್ಲಿ ಹೇಳಿಕೊಂಡಿದ್ದಾನೆ. ಹಾಗಾದರೆ ಈ ಮಾತಿಗೂ ಆ ಕಾನೂನುಗಳಿಗೂ ತಾಳೆ ಆಗುತ್ತದಾ? ಇನ್ನೂ ಒಂದು ವಿಷಯವಿದೆ. ಆ ಕಾಲದ ನ್ಯಾಯಾಲಯದ ದಾಖಲೆಗಳು ಮಣ್ಣಿನ ಫಲಕಗಳಲ್ಲಿ ಸಾಕಷ್ಟು ಉಳಿದಿವೆ. ಅವುಗಳಲ್ಲಿ ಈ ಕಾನೂನಿನ ಉಲ್ಲೇಖ ಸಿಗುವುದು ತೀರಾ ಅಪರೂಪ. ಹಾಗಾದರೆ ಇದು ನಿಜವಾಗಿ ಜಾರಿಯಲ್ಲಿದ್ದ ಕಾನೂನಾ, ಇಲ್ಲಾ ರಾಜ ತನ್ನ ಹೆಸರು ಉಳಿಯಲಿ ಅಂತ ನಿಲ್ಲಿಸಿದ ಕಂಬವಾ? ಇತಿಹಾಸಕಾರರು ಇವತ್ತಿಗೂ ಈ ಪ್ರಶ್ನೆಯನ್ನು ಚರ್ಚಿಸುತ್ತಾರೆ.

ಪಾಠ ಒಂದೇ, ಪುಟ ಒಂದೇ. ಒಂದು ತರಗತಿ ಹೆಸರು ಮತ್ತು ಇಸವಿ ಕಲಿತು ಮುಂದೆ ಹೋಯಿತು. ಇನ್ನೊಂದು ತರಗತಿ ಒಂದು ದಾಖಲೆಯನ್ನು ಓದುವುದು ಹೇಗೆ, ಅದನ್ನು ಬರೆಸಿದವರಿಗೆ ಏನು ಬೇಕಾಗಿತ್ತು, ಅದನ್ನು ಎಷ್ಟು ನಂಬಬಹುದು ಅಂತ ಕಲಿಯಿತು. ಮಿಡ್ಲ್ ಸ್ಕೂಲಿನ ಸಮಾಜ ವಿಜ್ಞಾನದಲ್ಲಿ ಮಕ್ಕಳು ಏನು ಕಲಿಯುತ್ತಾರೆ ಎಂಬ ಚರ್ಚೆ ಈಗ ಬಹಳ ದೇಶಗಳಲ್ಲಿ ಜೋರಾಗಿದೆ. ಆದರೆ ಪುಸ್ತಕದಲ್ಲಿ ಯಾರ ಹೆಸರು ಇರಬೇಕು, ಯಾರದು ಇರಬಾರದು ಎಂಬಲ್ಲಿಗೇ ಅದು ಮುಗಿದುಹೋಗುತ್ತದೆ. ಈ ಎರಡು ತರಗತಿಗಳ ನಡುವಿನ ವ್ಯತ್ಯಾಸದ ಬಗ್ಗೆ ಮಾತೇ ಬರುವುದಿಲ್ಲ. ನನಗೆ ಚಿಂತೆ ಇರುವುದು ಅಲ್ಲಿ.

ಈ ವಿಷಯ ಎಲ್ಲಿಂದ ಬಂತು

ಸಾಮಾನ್ಯವಾಗಿ 11ರಿಂದ 14 ವರ್ಷದ ಮಕ್ಕಳು ಈ ಹಂತದಲ್ಲಿರುತ್ತಾರೆ. ಇತಿಹಾಸ, ಭೂಗೋಳ, ಪೌರನೀತಿ, ಸ್ವಲ್ಪ ಅರ್ಥಶಾಸ್ತ್ರ. ಹೆಸರು ಏನೇ ಇದ್ದರೂ ಒಳಗಿರುವುದು ಹೆಚ್ಚುಕಮ್ಮಿ ಇವೇ ನಾಲ್ಕು. ಇವನ್ನೆಲ್ಲ ಒಂದೇ ಬುಟ್ಟಿಗೆ ಹಾಕುವ ಯೋಚನೆಗೆ ದೊಡ್ಡ ಬಲ ಸಿಕ್ಕಿದ್ದು 1916ರಲ್ಲಿ, ಅಮೆರಿಕದ ಶಿಕ್ಷಕರ ಸಂಘಟನೆಯೊಂದರ ಸಮಿತಿ ಕೊಟ್ಟ ವರದಿಯಿಂದ. ಮಕ್ಕಳು ಒಳ್ಳೆಯ ನಾಗರಿಕರಾಗಬೇಕು, ಅದಕ್ಕೆ ಸತ್ತ ರಾಜರ ಪಟ್ಟಿ ಸಾಲದು, ತಾವಿರುವ ಸಮಾಜ ಹೇಗೆ ನಡೆಯುತ್ತದೆ ಅಂತ ಗೊತ್ತಾಗಬೇಕು ಎಂಬುದು ಅದರ ಆಶಯ.

ಒಟ್ಟಿಗೆ ಕಲಿಸಬೇಕಾ, ಬೇರೆ ಬೇರೆಯಾಗಿ ಕಲಿಸಬೇಕಾ ಎಂಬ ವಾದ ಅಂದಿನಿಂದಲೂ ಇದೆ. ಇಂಗ್ಲೆಂಡಿನಲ್ಲಿ ಇತಿಹಾಸ ಮತ್ತು ಭೂಗೋಳ ಬೇರೆ ಬೇರೆ. ಫ್ರಾನ್ಸಿನಲ್ಲಿ ಎರಡನ್ನೂ ಒಬ್ಬರೇ ಶಿಕ್ಷಕರು ಕಲಿಸುತ್ತಾರೆ. ಭಾರತದ ಎನ್‌ಸಿಇಆರ್‌ಟಿ 2024ರಲ್ಲಿ 6ನೇ ತರಗತಿಗೆ ಮೂರು ಪುಸ್ತಕಗಳ ಬದಲು ಒಂದೇ ಪುಸ್ತಕ ತಂದಿತು. ಈ ವಾದಕ್ಕೆ ನಾನು ಜಾಸ್ತಿ ತೂಕ ಕೊಡುವುದಿಲ್ಲ. ಚೆನ್ನಾಗಿ ಕಲಿಸುವವರು ನದಿಯ ಪಾಠದಲ್ಲೇ ಇತಿಹಾಸ ತರುತ್ತಾರೆ, ತೆರಿಗೆಯ ಪಾಠದಲ್ಲೇ ಭೂಗೋಳ ತರುತ್ತಾರೆ. ಪುಸ್ತಕ ಒಂದಿದ್ದರೂ ಅಷ್ಟೇ, ಮೂರಿದ್ದರೂ ಅಷ್ಟೇ.

ಪುಸ್ತಕದ ಜಗಳ

ಜಗಳ ಬರುವುದು ಇತಿಹಾಸದಲ್ಲಿ. ದಕ್ಷಿಣ ಕೊರಿಯಾದ ಉದಾಹರಣೆ ನೋಡಿ. ಅಲ್ಲಿ ಬೇರೆ ಬೇರೆ ಪ್ರಕಾಶಕರ ಪುಸ್ತಕಗಳಿಗೆ ಸರ್ಕಾರದ ಒಪ್ಪಿಗೆ ಸಿಗುತ್ತಿತ್ತು, ಶಾಲೆಗಳು ಅವುಗಳಲ್ಲಿ ಒಂದನ್ನು ಆರಿಸಿಕೊಳ್ಳುತ್ತಿದ್ದವು. 2015ರಲ್ಲಿ ಸರ್ಕಾರ ಮಿಡ್ಲ್ ಸ್ಕೂಲ್ ಮತ್ತು ಹೈಸ್ಕೂಲಿಗೆ ತಾನೇ ಒಂದು ಇತಿಹಾಸ ಪುಸ್ತಕ ಬರೆಸುತ್ತೇನೆ ಎಂದಿತು. ಇತಿಹಾಸಕಾರರು, ಶಿಕ್ಷಕರು, ವಿದ್ಯಾರ್ಥಿಗಳು ಬೀದಿಗಿಳಿದರು. 2017ರಲ್ಲಿ ಹೊಸ ಸರ್ಕಾರ ಬಂದ ಕೂಡಲೇ ಆ ಯೋಜನೆಯನ್ನು ಕೈಬಿಟ್ಟಿತು. ಎರಡು ವರ್ಷ ದೇಶವೇ ಒಂದು ಶಾಲಾ ಪುಸ್ತಕದ ಬಗ್ಗೆ ಜಗಳವಾಡಿತು.

ಇದಕ್ಕೆ ಎದುರಾಗಿ ಇಡಬಹುದಾದ ಒಂದು ಕಥೆ ಇದೆ. ನನಗೆ ತುಂಬಾ ಇಷ್ಟವಾದ ಕಥೆ. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಪೋಲೆಂಡಿಗೆ ಮಾಡಿದ್ದು ಎಲ್ಲರಿಗೂ ಗೊತ್ತು. ಯುದ್ಧ ಮುಗಿದ ಮೇಲೆ ಗಡಿ ಪಶ್ಚಿಮಕ್ಕೆ ಸರಿದು ಲಕ್ಷಾಂತರ ಜರ್ಮನ್ನರು ಮನೆಮಠ ಬಿಟ್ಟು ಹೋಗಬೇಕಾಯಿತು. ಇಂಥ ಎರಡು ದೇಶಗಳ ಇತಿಹಾಸಕಾರರು 1972ರಲ್ಲಿ ಒಂದು ಸಮಿತಿ ಮಾಡಿಕೊಂಡು ಪರಸ್ಪರರ ಶಾಲಾ ಪುಸ್ತಕಗಳನ್ನು ಓದಲು ಕುಳಿತರು. ಆಗಿನ್ನೂ ಶೀತಲ ಸಮರದ ಕಾಲ. ಜನ ಮನೆ ಬಿಟ್ಟು ಹೋದದ್ದಕ್ಕೆ ಯಾವ ಪದ ಬಳಸಬೇಕು? "ಹೊರದಬ್ಬಿದರು" ಅನ್ನಬೇಕಾ, "ಸ್ಥಳಾಂತರ" ಅನ್ನಬೇಕಾ? ಈ ಒಂದು ಪದದ ಮೇಲೇ ವರ್ಷಗಟ್ಟಲೆ ವಾದ ನಡೆಯಿತು. ಕೊನೆಗೆ 2016ರಲ್ಲಿ ಎರಡೂ ದೇಶಗಳ ಮಕ್ಕಳು ಓದಬಹುದಾದ ಒಂದೇ ಇತಿಹಾಸ ಪುಸ್ತಕದ ಮೊದಲ ಭಾಗ ಬಂತು. ಸಮಿತಿ ಶುರುವಾಗಿ 44 ವರ್ಷ ಆಗಿತ್ತು.

ಹೀಗೆ ಒಂದು ಪದಕ್ಕಾಗಿ ದೊಡ್ಡವರು ಯಾಕೆ ಇಷ್ಟು ಹೊಡೆದಾಡಿದರು ಅಂತ ಮಕ್ಕಳಿಗೂ ತೋರಿಸಿದರೆ ಅದೇ ದೊಡ್ಡ ಪಾಠ. ಪುಸ್ತಕ ಆಕಾಶದಿಂದ ಉದುರಿಲ್ಲ, ಯಾರೋ ಕೂತು ಆರಿಸಿ ಬರೆದಿದ್ದಾರೆ ಅಂತ ಹದಿಮೂರು ವರ್ಷದವರಿಗೆ ಅರ್ಥವಾಗುತ್ತದೆ. ಹಾಗೆ ಅರ್ಥವಾದರೆ ಪುಸ್ತಕದ ಮೇಲೆ ಗೌರವ ಕಡಿಮೆಯಾಗುತ್ತದೆ ಅಂತ ಕೆಲವರಿಗೆ ಭಯ. ನನಗೆ ಹಾಗೆ ಅನ್ನಿಸುವುದಿಲ್ಲ. ಬರೆದವರ ಶ್ರಮ ಗೊತ್ತಾದವರು ಇನ್ನೂ ಗಮನವಿಟ್ಟು ಓದುತ್ತಾರೆ.

ಮಾಹಿತಿ ಬೇಡವಾ ಹಾಗಾದರೆ?

ಖಂಡಿತ ಬೇಕು. "ಇಸವಿ, ಹೆಸರು ಎಲ್ಲ ಫೋನಿನಲ್ಲೇ ಸಿಗುತ್ತದೆ, ಮಕ್ಕಳಿಗೆ ಯೋಚನೆ ಮಾಡುವುದು ಕಲಿಸಿದರೆ ಸಾಕು" ಅಂತ ಹೇಳುವವರು ಈಗ ಬಹಳ. ಕೇಳಲು ಚೆನ್ನಾಗಿದೆ. ಆದರೆ ತಲೆಯಲ್ಲಿ ಏನೂ ಇಲ್ಲದೆ ಯಾವುದರ ಬಗ್ಗೆ ಯೋಚನೆ ಮಾಡುವುದು?

1988ರಲ್ಲಿ ಪ್ರಕಟವಾದ ಒಂದು ಚಿಕ್ಕ ಅಧ್ಯಯನ ಇದನ್ನು ಸ್ಪಷ್ಟವಾಗಿ ತೋರಿಸಿತು. ಅಮೆರಿಕದ 7 ಮತ್ತು 8ನೇ ತರಗತಿಯ 64 ಮಕ್ಕಳಿಗೆ ಬೇಸ್‌ಬಾಲ್ ಆಟದ ವಿವರಣೆಯೊಂದನ್ನು ಓದಲು ಕೊಟ್ಟರು. ಆಮೇಲೆ ಓದಿದ್ದನ್ನು ಮಾದರಿ ಮೈದಾನದ ಮೇಲೆ ಬೊಂಬೆಗಳನ್ನು ಸರಿಸಿ ತೋರಿಸಿ ಎಂದರು. ಓದುವುದರಲ್ಲಿ ಜಾಣರು ಗೆಲ್ಲಬೇಕಿತ್ತು ಅಲ್ವಾ? ಆದರೆ ಓದಿನಲ್ಲಿ ಹಿಂದಿದ್ದರೂ ಆಟ ಚೆನ್ನಾಗಿ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದ ಮಕ್ಕಳಿಗಿಂತ ಎಷ್ಟೋ ಚೆನ್ನಾಗಿ ಮಾಡಿದರು. ವಿಷಯ ಗೊತ್ತಿದ್ದವರಿಗೆ ಓದಿದ್ದು ಹತ್ತುತ್ತದೆ.

ಸಮಾಜ ವಿಜ್ಞಾನಕ್ಕೂ ಇದೇ ಲೆಕ್ಕ. ಶೀತಲ ಸಮರ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಮೇಲಿನ ಜರ್ಮನಿ-ಪೋಲೆಂಡ್ ಕಥೆಯ ರುಚಿಯೇ ಸಿಗುವುದಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಅಂದಾಜು ಬೇಕು. ಖಂಡಗಳು ಎಲ್ಲಿವೆ ಅಂತ ಗೊತ್ತಿರಬೇಕು. ಕೆಲವು ಇಸವಿಗಳು ಬಾಯಿಗೆ ಬರಬೇಕು. ಬಾಯಿಪಾಠವನ್ನು ಬೈಯುವುದು ಸುಲಭ, ಆದರೆ ಅದು ಅಡಿಪಾಯ. ಅಡಿಪಾಯ ಹಾಕಿದ ಮೇಲೆ ಗೋಡೆ ಎಬ್ಬಿಸದೆ ಬಿಟ್ಟರೆ ಮಾತ್ರ ನನಗೆ ಬೇಜಾರು.

ಗೋಡೆಯ ಮೇಲಿನ ನಕ್ಷೆ

ಭೂಗೋಳದಿಂದ ಒಂದು ಉದಾಹರಣೆ ತಗೊಳ್ಳೋಣ. ಬಹಳ ತರಗತಿಗಳ ಗೋಡೆಯ ಮೇಲೆ ಒಂದು ಜಗತ್ತಿನ ನಕ್ಷೆ ಇರುತ್ತದೆ. ಅದರಲ್ಲಿ ಗ್ರೀನ್‌ಲ್ಯಾಂಡ್ ಹೆಚ್ಚುಕಮ್ಮಿ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಾನೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ. ನಿಜವಾಗಿ ಗ್ರೀನ್‌ಲ್ಯಾಂಡಿನ ವಿಸ್ತೀರ್ಣ ಸುಮಾರು 21.7 ಲಕ್ಷ ಚದರ ಕಿಲೋಮೀಟರ್. ಆಫ್ರಿಕಾದ್ದು 3 ಕೋಟಿಗೂ ಹೆಚ್ಚು. ಸುಮಾರು 14 ಗ್ರೀನ್‌ಲ್ಯಾಂಡುಗಳು ಆಫ್ರಿಕಾದೊಳಗೆ ಹಿಡಿಸುತ್ತವೆ.

ನಕ್ಷೆ ಮಾಡಿದವರು ಮೋಸ ಮಾಡಿದರಾ? ಇಲ್ಲ. 1569ರಲ್ಲಿ ಗೆರಾರ್ಡಸ್ ಮರ್ಕೇಟರ್ ಇದನ್ನು ಮಾಡಿದ್ದು ಹಡಗು ನಡೆಸುವವರಿಗಾಗಿ. ದಿಕ್ಸೂಚಿ ನೋಡಿಕೊಂಡು ಒಂದೇ ದಿಕ್ಕಿನಲ್ಲಿ ಸಾಗಿದರೆ ಆ ದಾರಿ ಈ ನಕ್ಷೆಯಲ್ಲಿ ನೇರ ಗೆರೆಯಾಗಿ ಬರುತ್ತದೆ. ನಾವಿಕರಿಗೆ ಅದಕ್ಕಿಂತ ಉಪಕಾರ ಬೇಕಾ? ಆದರೆ ಗುಂಡಗಿನ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ತರುವಾಗ ಏನಾದರೂ ಬಿಟ್ಟುಕೊಡಲೇಬೇಕು. ಮರ್ಕೇಟರ್ ಗಾತ್ರವನ್ನು ಬಿಟ್ಟುಕೊಟ್ಟರು. ಧ್ರುವಗಳ ಕಡೆಗೆ ಹೋದಷ್ಟೂ ನೆಲ ಹಿಗ್ಗುತ್ತದೆ. ಹೀಗಾಗಿ ಯುರೋಪ್, ರಷ್ಯಾ, ಕೆನಡಾ ದೊಡ್ಡದಾದವು, ಸಮಭಾಜಕದ ಹತ್ತಿರದ ದೇಶಗಳು ಕುಗ್ಗಿದವು. ನಾವಿಕರ ನಕ್ಷೆ ಶಾಲೆಯ ಗೋಡೆಗೆ ಬಂದಾಗ ಅದರ ಉದ್ದೇಶವನ್ನು ಯಾರೂ ಮಕ್ಕಳಿಗೆ ಹೇಳಲಿಲ್ಲ.

ಇದು ಹಳೆಯ ವಿಷಯವೂ ಅಲ್ಲ. 2017ರಲ್ಲಿ ಅಮೆರಿಕದ ಬಾಸ್ಟನ್ನಿನ ಸರ್ಕಾರಿ ಶಾಲೆಗಳು ಗಾತ್ರ ಸರಿಯಾಗಿ ತೋರಿಸುವ ಪೀಟರ್ಸ್ ನಕ್ಷೆಯನ್ನು ತರಗತಿಗೆ ತಂದವು. ಆ ನಕ್ಷೆಯಲ್ಲಿ ಗಾತ್ರ ಸರಿ, ಆದರೆ ಆಕಾರ ಉದ್ದುದ್ದ ಎಳೆದಂತೆ ಕಾಣುತ್ತದೆ. 2018ರಲ್ಲಿ ಈಕ್ವಲ್ ಅರ್ಥ್ ಎಂಬ ಹೊಸ ನಕ್ಷೆ ಬಂತು. ಅದು ಗಾತ್ರವನ್ನು ಸರಿಯಾಗಿ ಉಳಿಸಿಕೊಂಡು ಆಕಾರವನ್ನೂ ಅಷ್ಟಾಗಿ ಕೆಡಿಸುವುದಿಲ್ಲ. 2025ರಲ್ಲಿ ಆಫ್ರಿಕನ್ ಒಕ್ಕೂಟ ಮರ್ಕೇಟರ್ ನಕ್ಷೆಯ ಬದಲು ಇಂಥದ್ದನ್ನು ಬಳಸಿ ಎಂಬ ಅಭಿಯಾನಕ್ಕೆ ಬೆಂಬಲ ಕೊಟ್ಟಿತು.

ಒಂದು ಕಿತ್ತಳೆ ಹಣ್ಣಿನ ಸಿಪ್ಪೆಯನ್ನು ಹರಿಯದೆ ಚಪ್ಪಟೆ ಮಾಡಿ ಅಂತ ಮಕ್ಕಳಿಗೆ ಕೊಟ್ಟರೆ ಸಾಕು, ಇಡೀ ವಿಷಯ ಹದಿನೈದು ನಿಮಿಷದಲ್ಲಿ ಕೈಗೇ ಸಿಗುತ್ತದೆ. ಎಲ್ಲ ನಕ್ಷೆಯೂ ಏನನ್ನೋ ಉಳಿಸಿಕೊಳ್ಳಲು ಏನನ್ನೋ ಬಿಟ್ಟುಕೊಡುತ್ತದೆ ಅಂತ ತಿಳಿದವರು ಮುಂದೆ ಗ್ರಾಫ್ ನೋಡಿದರೂ, ಸುದ್ದಿಯ ತಲೆಬರಹ ನೋಡಿದರೂ ಅದೇ ಪ್ರಶ್ನೆ ಕೇಳಿಕೊಳ್ಳುತ್ತಾರೆ. ನನ್ನನ್ನು ಕೇಳಿದರೆ ಈ ವಯಸ್ಸಿಗೆ ಇದಕ್ಕಿಂತ ಒಳ್ಳೆಯ ಭೂಗೋಳದ ಪಾಠ ಇಲ್ಲ.

ಪರದೆಯ ಮೇಲೆ ಬಂದದ್ದೆಲ್ಲ

ಇದು ಯಾಕೆ ಇಷ್ಟು ತುರ್ತು ಅಂತ ಕೇಳಬಹುದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಒಂದು ವರದಿ ಕೊಟ್ಟರು. ಮಿಡ್ಲ್ ಸ್ಕೂಲ್ ಮಕ್ಕಳಿಗೆ ಒಂದು ಸುದ್ದಿತಾಣದ ಮುಖಪುಟ ತೋರಿಸಿ ಯಾವುದು ಸುದ್ದಿ, ಯಾವುದು ಜಾಹೀರಾತು ಅಂತ ಕೇಳಿದ್ದರು. "ಪ್ರಾಯೋಜಿತ" ಅಂತ ಸ್ಪಷ್ಟವಾಗಿ ಬರೆದಿದ್ದ ಜಾಹೀರಾತನ್ನೇ ಶೇ. 80ಕ್ಕೂ ಹೆಚ್ಚು ಮಕ್ಕಳು ಸುದ್ದಿ ಅಂದುಕೊಂಡರು. ಆ ಪದ ಅವರಿಗೆ ಓದಲು ಬರುತ್ತಿತ್ತು. ಅದರ ಅರ್ಥವೇನು, ಯಾರು ಯಾರಿಗೆ ದುಡ್ಡು ಕೊಟ್ಟರು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.

ಅದೇ ತಂಡ ಮುಂದೆ ದೊಡ್ಡವರನ್ನೂ ನೋಡಿತು. ಇತಿಹಾಸದ ಪ್ರೊಫೆಸರುಗಳು, ಕಾಲೇಜು ವಿದ್ಯಾರ್ಥಿಗಳು, ಸುದ್ದಿಯ ಸತ್ಯಾಸತ್ಯ ಪರೀಕ್ಷಿಸುವ ವೃತ್ತಿಯವರು. ಮೂರೂ ಗುಂಪಿಗೆ ಒಂದೇ ರೀತಿಯ ವೆಬ್‌ಸೈಟುಗಳನ್ನು ಕೊಟ್ಟು ಇವನ್ನು ನಂಬಬಹುದಾ ಅಂತ ಕೇಳಿದರು. ಪ್ರೊಫೆಸರುಗಳೂ ವಿದ್ಯಾರ್ಥಿಗಳೂ ಆ ಪುಟವನ್ನೇ ಮೇಲಿಂದ ಕೆಳಗೆ ಓದುತ್ತಾ ಕೂತರು. ಅಂದವಾದ ಲೋಗೋ, ಗಂಭೀರ ಭಾಷೆ ನೋಡಿ ಬಹಳಷ್ಟು ಜನ ಮೋಸಹೋದರು. ಪರೀಕ್ಷಿಸುವ ವೃತ್ತಿಯವರು ಕೆಲವೇ ಕ್ಷಣದಲ್ಲಿ ಆ ಪುಟದಿಂದ ಹೊರಗೆ ಬಂದರು. ಹೊಸ ಟ್ಯಾಬ್ ತೆರೆದು, ಈ ಸಂಸ್ಥೆಯ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಅಂತ ನೋಡಿದರು. ಕಡಿಮೆ ಹೊತ್ತಿನಲ್ಲಿ ಸರಿಯಾದ ಉತ್ತರ ಕೊಟ್ಟದ್ದು ಅವರೇ.

"ಗಮನವಿಟ್ಟು ಓದು" ಅಂತ ನಾವು ಮಕ್ಕಳಿಗೆ ಹೇಳುತ್ತೇವೆ. ಗೊತ್ತಿಲ್ಲದ ವೆಬ್‌ಸೈಟಿನ ಮುಂದೆ ಆ ಬುದ್ಧಿಮಾತು ಸಾಲದು. ಓದುವ ಮೊದಲು ಹೊರಗೆ ಹೋಗಿ ವಿಚಾರಿಸಿಕೊಂಡು ಬರಬೇಕು. ಈಗಂತೂ ಕೃತಕ ಬುದ್ಧಿಮತ್ತೆಯ ಚಾಟ್‌ಬಾಟುಗಳು ಹೋಂವರ್ಕಿಗೆ ಬಂದಿವೆ. ತಪ್ಪನ್ನೂ ಅದೇ ಧೈರ್ಯದಲ್ಲಿ, ಅದೇ ಚೆಂದದ ವಾಕ್ಯದಲ್ಲಿ ಹೇಳುತ್ತವೆ. ಹಮ್ಮುರಾಬಿ ಯಾರು ಅಂತ ಅವು ಕ್ಷಣದಲ್ಲಿ ಹೇಳಿಬಿಡುತ್ತವೆ. ಆ ಉತ್ತರ ಎಲ್ಲಿಂದ ಬಂತು ಅಂತ ಕೇಳುವ ಅಭ್ಯಾಸ ಮಾತ್ರ ಮಕ್ಕಳ ಕಡೆಯಿಂದಲೇ ಬರಬೇಕು.

ಪೌರನೀತಿಯ ಬಡತನ

ನಾಲ್ಕರಲ್ಲಿ ಹೆಚ್ಚು ಅನ್ಯಾಯ ಆಗಿರುವುದು ಪೌರನೀತಿಗೆ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಅಂತ ಮೂರು ಪದ ಬರೆದರೆ ಮುಗಿಯಿತು. ಬೀದಿ ದೀಪ ಕೆಟ್ಟರೆ ಯಾವ ಕಚೇರಿಗೆ ಬರೆಯಬೇಕು, ಆ ದೀಪಕ್ಕೆ ದುಡ್ಡು ಎಲ್ಲಿಂದ ಬರುತ್ತದೆ, ದುಡ್ಡು ಕಡಿಮೆ ಇದ್ದಾಗ ದೀಪ ಮೊದಲಾ ಚರಂಡಿ ಮೊದಲಾ ಅಂತ ಯಾರು ತೀರ್ಮಾನಿಸುತ್ತಾರೆ? ಇವೆಲ್ಲ ಪಾಠದಲ್ಲಿ ಅಪರೂಪ.

ಅಂಕಿಗಳೂ ಒಳ್ಳೆಯ ಸುದ್ದಿ ಹೇಳುತ್ತಿಲ್ಲ. 2022ರಲ್ಲಿ ಅಮೆರಿಕದ ರಾಷ್ಟ್ರೀಯ ಮೌಲ್ಯಮಾಪನದಲ್ಲಿ 8ನೇ ತರಗತಿಯ ಮಕ್ಕಳ ಪೈಕಿ ಪೌರನೀತಿಯಲ್ಲಿ ಪ್ರವೀಣ ಮಟ್ಟ ಮುಟ್ಟಿದವರು ಶೇ. 22, ಇತಿಹಾಸದಲ್ಲಿ ಶೇ. 13. ಪೌರನೀತಿಯ ಸರಾಸರಿ ಅಂಕ ಇಳಿದದ್ದು ಆ ಪರೀಕ್ಷಾ ಸರಣಿ 1998ರಲ್ಲಿ ಶುರುವಾದ ಮೇಲೆ ಅದೇ ಮೊದಲು. ಅದೇ ವರ್ಷ 20ಕ್ಕೂ ಹೆಚ್ಚು ದೇಶಗಳ 8ನೇ ತರಗತಿಯ ಸುಮಾರು 80,000 ಮಕ್ಕಳನ್ನು ಪರೀಕ್ಷಿಸಿದ ಅಂತರರಾಷ್ಟ್ರೀಯ ಪೌರಶಿಕ್ಷಣ ಅಧ್ಯಯನದಲ್ಲೂ 2016ಕ್ಕೆ ಹೋಲಿಸಿದರೆ ಹಲವು ದೇಶಗಳ ಅಂಕ ಇಳಿದಿತ್ತು. ಕೋವಿಡ್‌ನಿಂದ ಶಾಲೆ ಮುಚ್ಚಿದ್ದೂ ಒಂದು ಕಾರಣ ಇರಬಹುದು. ಆದರೆ ಎಲ್ಲವನ್ನೂ ಅದರ ಮೇಲೆ ಹಾಕುವಂತಿಲ್ಲ.

ಇನ್ನೊಂದು ಕಡೆ, ಮತ ಹಾಕುವ ವಯಸ್ಸು ಕೆಳಗಿಳಿಯುತ್ತಿದೆ. ಬ್ರೆಜಿಲ್‌ನಲ್ಲಿ 1988ರಿಂದ, ಆಸ್ಟ್ರಿಯಾದಲ್ಲಿ 2007ರಿಂದ 16 ವರ್ಷದವರು ಮತ ಹಾಕಬಹುದು. ಬ್ರಿಟನ್ ಕೂಡ 16ಕ್ಕೆ ಇಳಿಸುವ ಯೋಜನೆಯನ್ನು 2025ರಲ್ಲಿ ಪ್ರಕಟಿಸಿತು. 8ನೇ ತರಗತಿ ಮುಗಿಸಿದ ಮೂರೇ ವರ್ಷದಲ್ಲಿ ಮತಗಟ್ಟೆ. ಅಲ್ಲಿ ಮೂರು ಅಂಗಗಳ ಹೆಸರು ಯಾರೂ ಕೇಳುವುದಿಲ್ಲ. ಇಬ್ಬರು ಬೇರೆ ಬೇರೆ ಮಾತು ಕೊಟ್ಟಾಗ ಯಾರ ಲೆಕ್ಕ ಸರಿ ಅಂತ ನೋಡಲು ಬರಬೇಕು.

ಹೊತ್ತು ಎಲ್ಲಿದೆ?

ಶಿಕ್ಷಕರನ್ನು ಕೇಳಿದರೆ ಮೊದಲು ಬರುವ ಉತ್ತರ ಒಂದೇ: ಪೋರ್ಷನ್ ಮುಗಿಸಬೇಕು. ಆ ಮಾತಿನಲ್ಲಿ ನಿಜ ಇದೆ. ಎಲ್ಲ ಕಡೆ ಗಣಿತ ಮತ್ತು ಭಾಷೆಯ ಪರೀಕ್ಷೆಗಳಿಗೆ ತೂಕ ಜಾಸ್ತಿ. ಅಮೆರಿಕದಲ್ಲಿ 2002ರ ಶಿಕ್ಷಣ ಕಾನೂನು ಓದು ಮತ್ತು ಗಣಿತದ ಅಂಕಗಳ ಮೇಲೆ ಶಾಲೆಗಳನ್ನು ಅಳೆಯಲು ಶುರುಮಾಡಿದ ಮೇಲೆ ಬಹಳ ಶಾಲೆಗಳು ಸಮಾಜ ವಿಜ್ಞಾನದ ಹೊತ್ತನ್ನು ಕತ್ತರಿಸಿ ಅವಕ್ಕೆ ಕೊಟ್ಟವು. ಓದು ಸುಧಾರಿಸಲಿ ಅಂತ ಮಾಡಿದ ಕೆಲಸ ಅದು. ಆದರೆ 2020ರಲ್ಲಿ ಅಲ್ಲಿನ ಫೋರ್ಡ್‌ಹ್ಯಾಮ್ ಸಂಸ್ಥೆ ಪ್ರಕಟಿಸಿದ ಅಧ್ಯಯನವೊಂದು ಪ್ರಾಥಮಿಕ ಶಾಲೆಯ ಸಾವಿರಾರು ಮಕ್ಕಳನ್ನು 5ನೇ ತರಗತಿಯವರೆಗೆ ಹಿಂಬಾಲಿಸಿ ಬೇರೆಯದನ್ನೇ ಹೇಳಿತು. ದಿನಕ್ಕೆ ಅರ್ಧ ಗಂಟೆ ಜಾಸ್ತಿ ಸಮಾಜ ವಿಜ್ಞಾನ ಕಲಿತ ಮಕ್ಕಳ ಓದು ಸುಧಾರಿಸಿತ್ತು. ಭಾಷೆಗೇ ಜಾಸ್ತಿ ಹೊತ್ತು ಕೊಟ್ಟಲ್ಲಿ ಅಂಥ ಲಾಭ ಕಾಣಲಿಲ್ಲ. ಬೇಸ್‌ಬಾಲ್ ಗೊತ್ತಿದ್ದ ಆ ಮಕ್ಕಳ ನೆನಪಾಗುತ್ತದೆ.

ಹಾಗಂತ ಹೊತ್ತು ಕೊಟ್ಟ ಮಾತ್ರಕ್ಕೆ ಆಗುವುದಿಲ್ಲ. ಪರೀಕ್ಷೆಯಲ್ಲಿ ಏನು ಕೇಳುತ್ತಾರೋ ತರಗತಿಯಲ್ಲಿ ಅದೇ ನಡೆಯುತ್ತದೆ. "ಹಮ್ಮುರಾಬಿ ಯಾರು?" ಅಂತ ಕೇಳುವವರೆಗೂ ಕಲ್ಲಿನ ಬರಹವನ್ನು ಯಾರೂ ಓದಿಸುವುದಿಲ್ಲ. ಪ್ರಶ್ನೆಯನ್ನು ಹೀಗೆ ಬದಲಿಸಿ ನೋಡಿ. ಕಲ್ಲಿನ ಮುನ್ನುಡಿಯ ಎರಡು ಸಾಲು ಕೊಡಿ. ಕಣ್ಣಿನ ಬಗೆಗಿನ ಮೂರು ಕಾನೂನು ಕೊಡಿ. "ರಾಜ ಹೇಳಿದ ಮಾತಿಗೆ ಈ ಕಾನೂನುಗಳು ಹೊಂದುತ್ತವೆಯಾ? ಯಾಕೆ?" ಅಂತ ಕೇಳಿ. ಹೌದು ಅಂದವರಿಗೂ ಇಲ್ಲ ಅಂದವರಿಗೂ ಅಂಕ ಸಿಗಬೇಕು, ಕಾರಣ ಸರಿಯಾಗಿದ್ದರೆ.

ಇಂಥ ಪ್ರಶ್ನೆಪತ್ರಿಕೆ ಬರೆಯುವುದು ಒಂದು ಸಂಜೆಯ ಕೆಲಸ. ಕಷ್ಟ ಶುರುವಾಗುವುದು ತಿದ್ದುವಾಗ. ಒಂದು ಪದದ ಉತ್ತರಗಳಾದರೆ ನಲವತ್ತು ಮಕ್ಕಳ ಪತ್ರಿಕೆಯನ್ನು ಅರ್ಧ ಗಂಟೆಯಲ್ಲಿ ನೋಡಿ ಮುಗಿಸಬಹುದು. ಕಾರಣಗಳನ್ನು ಓದಿ, ಎಲ್ಲಿ ತಪ್ಪಿದೆ ಅಂತ ಬದಿಯಲ್ಲಿ ಬರೆಯಬೇಕಾದರೆ ಒಂದು ಭಾನುವಾರ ಪೂರ್ತಿ ಬೇಕು. ಪಠ್ಯಕ್ರಮ ಬದಲಿಸುವ ಸಮಿತಿಗಳು ಆ ಭಾನುವಾರದ ಲೆಕ್ಕವನ್ನು ಇನ್ನೂ ಹಾಕಿಲ್ಲ.